ಟ್ವಿಂಕೀ ಕೇಕಿನ ಜನಕ ಜೇಮ್ಸ್ ಡ್ಯೂವರ್: ಖಾಲಿ ಅಚ್ಚುಗಳಿಗೆ ಕೆಲಸ ಕೊಟ್ಟ ಬೇಕರಿ ವ್ಯವಸ್ಥಾಪಕ

2012ರ ನವೆಂಬರ್ 16ರಂದು ಅಮೆರಿಕದ ಹೋಸ್ಟೆಸ್ ಬ್ರ್ಯಾಂಡ್ಸ್ ಕಂಪನಿಯು ತನ್ನ ಬೇಕರಿಗಳಿಗೆ ಬೀಗ ಹಾಕುವುದಾಗಿ ಪ್ರಕಟಿಸಿತು. ಸುದ್ದಿ ಹೊರಬಿದ್ದ ಕೆಲವೇ ಗಂಟೆಗಳಲ್ಲಿ ಆ ದೇಶದ ದಿನಸಿ ಅಂಗಡಿಗಳಿಗೆ ಜನ ಮುಗಿಬಿದ್ದರು. ಅವರು ಹುಡುಕುತ್ತಿದ್ದುದು ಬ್ರೆಡ್ಡನ್ನಲ್ಲ. ಬೆರಳಿನಾಕಾರದ, ಹೊಂಬಣ್ಣದ, ಒಳಗೆ ಬಿಳಿ ಕ್ರೀಮ್ ತುಂಬಿದ ಟ್ವಿಂಕೀ ಎಂಬ ಪುಟ್ಟ ಕೇಕನ್ನು. ಕೆಲವೇ ಡಾಲರುಗಳ ಡಬ್ಬಿಗಳು ಅಂತರ್ಜಾಲದ ಹರಾಜಿನಲ್ಲಿ ಹಲವು ಪಟ್ಟು ಬೆಲೆಗೆ ಏರಿದವು. ಆ ಗದ್ದಲದ ನಡುವೆ ಕೇಕನ್ನು ಸೃಷ್ಟಿಸಿದ ವ್ಯಕ್ತಿಯ ಹೆಸರನ್ನು ನೆನೆದವರು ಬಹಳ ಮಂದಿಯಿರಲಿಲ್ಲ. ಅವರೇ ಜೇಮ್ಸ್ ಅಲೆಕ್ಸಾಂಡರ್ ಡ್ಯೂವರ್. ಅವರು ತೀರಿಕೊಂಡು ಆಗಲೇ 27 ವರ್ಷಗಳಾಗಿದ್ದವು.

ಇದೇ ಹೆಸರಿನ ಮತ್ತೊಬ್ಬರು ವಿಜ್ಞಾನದ ಪುಸ್ತಕಗಳಲ್ಲಿ ಸಿಗುತ್ತಾರೆ. ನಿರ್ವಾತ ಫ್ಲಾಸ್ಕನ್ನು ರೂಪಿಸಿದ ಸರ್ ಜೇಮ್ಸ್ ಡ್ಯೂವರ್ ಸ್ಕಾಟ್ಲೆಂಡಿನವರು, 1923ರಲ್ಲಿಯೇ ನಿಧನರಾದವರು. ನಮ್ಮ ಕಥಾನಾಯಕರು ವಿಜ್ಞಾನಿಯಲ್ಲ. ಪ್ರಯೋಗಾಲಯ ಅವರಿಗೆ ಸಂಬಂಧಿಸಿದ್ದಲ್ಲ. ಅವರ ಲೋಕವೆಲ್ಲ ಮೈದಾಹಿಟ್ಟು, ಸಕ್ಕರೆ, ಒಲೆ ಮತ್ತು ಮಾರಾಟದ ಲೆಕ್ಕ.

1897ರಲ್ಲಿ ಕೆನಡಾದಲ್ಲಿ ಜನಿಸಿದ ಡ್ಯೂವರ್ ಬದುಕು ಕಟ್ಟಿಕೊಂಡದ್ದು ಅಮೆರಿಕದಲ್ಲಿ. 1920ರಲ್ಲಿ ಬೇಕರಿ ಉದ್ಯೋಗಕ್ಕೆ ಸೇರಿದಾಗ ಅವರ ಕೆಲಸ ಕುದುರೆಗಾಡಿಯಲ್ಲಿ ಕೇಕು, ಬನ್ನುಗಳನ್ನು ಹೇರಿಕೊಂಡು ಬೀದಿಬೀದಿ ಸುತ್ತುವುದಾಗಿತ್ತು. ಗ್ರಾಹಕರಿಗೆ ಏನು ರುಚಿಸುತ್ತದೆ, ಯಾವ ಬೆಲೆಗೆ ಕೈ ಹಿಂದೆಗೆಯುತ್ತಾರೆ, ಸಂಜೆಗೆ ಉಳಿದ ಸರಕು ಏನಾಗುತ್ತದೆ ಎಂಬುದು ಗಾಡಿ ಹೊಡೆಯುವವನಿಗೆ ತಿಳಿಯುವಷ್ಟು ಕಚೇರಿಯಲ್ಲಿ ಕುಳಿತವನಿಗೆ ತಿಳಿಯುವುದಿಲ್ಲ. ಅದೇ ದಶಕದಲ್ಲಿ ಕಾಂಟಿನೆಂಟಲ್ ಬೇಕಿಂಗ್ ಕಂಪನಿಯು ಸಣ್ಣಪುಟ್ಟ ಬೇಕರಿಗಳನ್ನು ಒಂದೊಂದಾಗಿ ನುಂಗಿ ದೈತ್ಯನಾಗಿ ಬೆಳೆಯುತ್ತಿತ್ತು. 1925ರಲ್ಲಿ ಇಂಡಿಯಾನಾಪೊಲಿಸ್ ನಗರದ ಟ್ಯಾಗರ್ಟ್ ಬೇಕರಿಯನ್ನು ಕೊಂಡಾಗ ವಂಡರ್ ಬ್ರೆಡ್ ಮತ್ತು ಹೋಸ್ಟೆಸ್ ಕೇಕುಗಳು ಅದರ ಪಾಲಾದವು. 1930ರ ವೇಳೆಗೆ ಡ್ಯೂವರ್ ಈ ಕಂಪನಿಯ ಷಿಕಾಗೊ ಪ್ರದೇಶದ ಬೇಕರಿಯೊಂದರ ವ್ಯವಸ್ಥಾಪಕರಾಗಿದ್ದರು. ಗಾಡಿಯ ಗದ್ದುಗೆಯಿಂದ ವ್ಯವಸ್ಥಾಪಕರ ಕುರ್ಚಿಗೆ ಏರಲು ಅವರಿಗೆ ಹತ್ತು ವರ್ಷ ಹಿಡಿಯಿತು.

ಆರು ವಾರಗಳ ಹಂಗಾಮು

1929ರ ಅಕ್ಟೋಬರಿನಲ್ಲಿ ನ್ಯೂಯಾರ್ಕ್ ಷೇರುಪೇಟೆ ಕುಸಿದಿತ್ತು. ಮಹಾ ಆರ್ಥಿಕ ಕುಸಿತ ಎಂದು ಇತಿಹಾಸ ಗುರುತಿಸುವ ಆ ಕಾಲಘಟ್ಟದಲ್ಲಿ ಕಾರ್ಖಾನೆಗಳು ಮುಚ್ಚುತ್ತಿದ್ದವು, ಸಂಬಳಗಳು ಕರಗುತ್ತಿದ್ದವು. ಜನ ಬ್ರೆಡ್ಡಿಗಾದರೂ ಹಣ ತೆಗೆದಾರು, ಸಿಹಿತಿಂಡಿಗೆ ತೆಗೆಯುವುದು ಕಷ್ಟವಿತ್ತು. ಕಡಿಮೆ ಬೆಲೆಗೆ ಮಾರಬಹುದಾದ ಹೊಸ ತಿಂಡಿಯೊಂದು ಕಂಪನಿಗೆ ಬೇಕಾಗಿತ್ತು. ಆದರೆ ಅದಕ್ಕೆಂದು ಹೊಸ ಯಂತ್ರ ಕೊಳ್ಳುವ ಕಾಲ ಅದಾಗಿರಲಿಲ್ಲ.

ಡ್ಯೂವರ್ ಅವರ ಬೇಕರಿಯಲ್ಲಿ ಬೆರಳಿನಾಕಾರದ ಸ್ಪಂಜು ಕೇಕುಗಳನ್ನು ಸುಡುವ ಅಚ್ಚುತಟ್ಟೆಗಳಿದ್ದವು. ಸ್ಟ್ರಾಬೆರಿ ಹಣ್ಣಿನ ಜೊತೆ ಕೆನೆ ಸೇರಿಸಿ ತಿನ್ನುವ ಷಾರ್ಟ್‌ಕೇಕ್ ಅಮೆರಿಕನ್ನರಿಗೆ ಬೇಸಿಗೆಯ ಹಬ್ಬದಡುಗೆಯಿದ್ದಂತೆ. ಹಣ್ಣು ಮಾರುಕಟ್ಟೆಗೆ ಬಂದಾಗ ಈ ಬೆರಳು ಕೇಕುಗಳಿಗೆ ಎಲ್ಲಿಲ್ಲದ ಬೇಡಿಕೆ. ಆದರೆ ಸ್ಟ್ರಾಬೆರಿಯ ಸುಗ್ಗಿ ಸುಮಾರು ಆರು ವಾರ ಮಾತ್ರ. ಹಣ್ಣು ಮುಗಿಯುತ್ತಿದ್ದಂತೆ ಕೇಕಿನ ಮಾರಾಟವೂ ನಿಲ್ಲುತ್ತಿತ್ತು. ವರ್ಷದ ಉಳಿದ 46 ವಾರ ಆ ಅಚ್ಚುಗಳು ಮೂಲೆಯಲ್ಲಿ ಸುಮ್ಮನೆ ಬಿದ್ದಿರುತ್ತಿದ್ದವು.

ಈ ಖಾಲಿ ಅಚ್ಚುಗಳೇ ಡ್ಯೂವರ್ ಅವರ ಕಣ್ಣು ಕುಕ್ಕಿದವು. ಹಣ್ಣಿಲ್ಲದ ಕಾಲದಲ್ಲಿ ಅದೇ ಕೇಕಿನ ಒಳಗೇ ಏನನ್ನಾದರೂ ತುಂಬಿದರೆ ಹೇಗೆ? ವರ್ಷವಿಡೀ ಸಿಗುವ ಹಣ್ಣು ಬಾಳೆ. ಹೀಗೆ ಬಾಳೆಹಣ್ಣಿನ ರುಚಿಯ ಕ್ರೀಮನ್ನು ಬೆರಳು ಕೇಕಿನ ಹೊಟ್ಟೆಯೊಳಗೆ ತುಂಬುವ ಪ್ರಯೋಗ ನಡೆಯಿತು. ಯಂತ್ರ ಹಳೆಯದು, ಅಚ್ಚು ಹಳೆಯದು, ಹಿಟ್ಟೂ ಹೆಚ್ಚುಕಡಿಮೆ ಹಳೆಯದೇ. ಹೊಸದಾಗಿ ಬೇಕಾದದ್ದು ಕ್ರೀಮ್ ತುಂಬುವ ವಿಧಾನ ಮಾತ್ರ. ಆರಂಭದಲ್ಲಿ ಈ ಕೆಲಸ ಕೈಯಿಂದಲೇ ನಡೆಯುತ್ತಿತ್ತು. ಕೆಲಸಗಾರರು ಕೇಕನ್ನು ಕೊಳವೆಗೆ ಒಡ್ಡಿ ಪೆಡಲನ್ನು ಕಾಲಿನಿಂದ ಒತ್ತಿದರೆ ಕ್ರೀಮ್ ಒಳಸೇರುತ್ತಿತ್ತು. ಒತ್ತಡ ಹೆಚ್ಚಾದರೆ ಕೇಕು ಒಡೆದು ಹೋಗುತ್ತಿತ್ತು.

ಹೆಸರು ಸಿಕ್ಕ ಬಗೆ ಇನ್ನೂ ಸ್ವಾರಸ್ಯಕರ. ಹೊಸ ಕೇಕಿನ ಮಾರಾಟದ ಯೋಜನೆಯ ನಿಮಿತ್ತ ಡ್ಯೂವರ್ ಸೇಂಟ್ ಲೂಯಿಸ್ ನಗರಕ್ಕೆ ಹೋಗಿದ್ದರು. ದಾರಿಯಲ್ಲಿ ಟ್ವಿಂಕಲ್ ಟೋ ಎಂಬ ಪಾದರಕ್ಷೆಯ ಜಾಹೀರಾತು ಫಲಕವೊಂದು ಕಣ್ಣಿಗೆ ಬಿತ್ತು. ಅದನ್ನೇ ಮೊಟಕುಗೊಳಿಸಿ ಟ್ವಿಂಕೀ ಎಂದು ಹೆಸರಿಟ್ಟರು. ಬೂಟಿನ ಹೆಸರು ಹೀಗೆ ತಿಂಡಿಗೆ ಅಂಟಿಕೊಂಡಿತು. 1930ರ ಏಪ್ರಿಲ್ ತಿಂಗಳಲ್ಲಿ ಮಾರುಕಟ್ಟೆಗೆ ಬಂದ ಟ್ವಿಂಕೀಯ ಬೆಲೆ ಎರಡಕ್ಕೆ ಐದು ಸೆಂಟ್. ಕಷ್ಟಕಾಲದಲ್ಲಿಯೂ ಮಕ್ಕಳ ಕೈಗೆ ಕೊಡಬಹುದಾದ ಬೆಲೆ ಅದಾಗಿತ್ತು. ಮಾರಾಟ ಭರದಿಂದ ಸಾಗಿತು.

ಹಾಲು, ಮೊಟ್ಟೆ ಮತ್ತು ಎರಡು ದಿನದ ಆಯಸ್ಸು

ಟ್ವಿಂಕೀ ಎಂದೊಡನೆ ಎಂದೂ ಕೆಡದ ತಿಂಡಿ ಎಂಬ ನಗೆಮಾತು ಇಂದು ಜಗತ್ತಿನಾದ್ಯಂತ ಚಾಲ್ತಿಯಲ್ಲಿದೆ. ಅಣುಬಾಂಬ್ ಬಿದ್ದರೂ ಜಿರಳೆ ಮತ್ತು ಟ್ವಿಂಕೀ ಉಳಿಯುತ್ತವೆ ಎಂಬ ಬಗೆಯ ಹಾಸ್ಯಗಳಿಗೆ ಲೆಕ್ಕವಿಲ್ಲ. ಆದರೆ ಡ್ಯೂವರ್ 1930ರಲ್ಲಿ ಮಾರಿದ ಕೇಕಿಗೂ ಈ ಹಾಸ್ಯಕ್ಕೂ ಸಂಬಂಧವೇ ಇಲ್ಲ. ಅದು ಹಾಲು, ಮೊಟ್ಟೆ, ಬೆಣ್ಣೆಯಿಂದ ಮಾಡಿದ ಸಾಮಾನ್ಯ ಕೇಕು. ಅದರ ಆಯಸ್ಸು ಸುಮಾರು ಎರಡು ದಿನ. ಮಾರಾಟಗಾರರು ಅಂಗಡಿ ಅಂಗಡಿಗೆ ಹೋಗಿ ಹಳೆಯ ಸರಕನ್ನು ತೆಗೆದು ಹೊಸದನ್ನು ಇಡಬೇಕಾಗಿತ್ತು. ಉಳಿದದ್ದೆಲ್ಲ ನಷ್ಟ.

ಈ ನಷ್ಟವೇ ಮುಂದಿನ ಬದಲಾವಣೆಗಳಿಗೆ ದಾರಿಮಾಡಿತು. ಕೇಕು ಹೆಚ್ಚು ದಿನ ಅಂಗಡಿಯಲ್ಲಿ ನಿಲ್ಲಬೇಕಾದರೆ ಬೇಗ ಕೆಡುವ ಪದಾರ್ಥಗಳನ್ನು ಕಡಿಮೆ ಮಾಡಬೇಕು. ಕಾಲಕ್ರಮೇಣ ಬೆಣ್ಣೆಯ ಜಾಗಕ್ಕೆ ಗಟ್ಟಿಗೊಳಿಸಿದ ಸಸ್ಯಜನ್ಯ ಕೊಬ್ಬು ಬಂತು, ಹಾಲಿನ ಕೆನೆಯ ಜಾಗಕ್ಕೆ ಕೊಬ್ಬು ಮತ್ತು ಸಕ್ಕರೆಯನ್ನು ಗಾಳಿ ತುಂಬಿ ನೊರೆಯಾಗಿಸಿದ ಮಿಶ್ರಣ ಬಂತು. ತೇವವನ್ನು ಹಿಡಿದಿಡಲು ಸೆಲ್ಯುಲೋಸ್ ಅಂಟು, ಬೂಷ್ಟು ತಡೆಯಲು ಸಾರ್ಬಿಕ್ ಆಮ್ಲ, ಗಾಳಿಯಾಡದ ಹೊದಿಕೆ ಜೊತೆಗೂಡಿದವು. ಈ ಪದಾರ್ಥಗಳು ಎಲ್ಲಿಂದ ಬರುತ್ತವೆ ಎಂಬುದನ್ನೇ ಬೆನ್ನಟ್ಟಿ ಸ್ಟೀವ್ ಎಟ್ಲಿಂಗರ್ ಎಂಬ ಲೇಖಕರು 2007ರಲ್ಲಿ ಇಡೀ ಪುಸ್ತಕವನ್ನೇ ಬರೆದರು. ಗಣಿಗಳವರೆಗೂ ಹೋಗಿ ಬಂದ ಪ್ರವಾಸ ಅದು.

ಇಷ್ಟಾದರೂ ಟ್ವಿಂಕೀ ಅಮರವೇನಲ್ಲ. 2012ಕ್ಕೆ ಮುನ್ನ ಕಂಪನಿ ನಿಗದಿಪಡಿಸಿದ್ದ ಬಾಳಿಕೆ 26 ದಿನ. 2013ರ ನಂತರ ಅದು 45 ದಿನಕ್ಕೆ ಏರಿತು. 2012ರಲ್ಲಿ ಕೊಂಡು ಎಂಟು ವರ್ಷ ಎತ್ತಿಟ್ಟಿದ್ದ ಟ್ವಿಂಕೀಗಳಿಗೆ ಬೂಷ್ಟು ಹಿಡಿದಿದ್ದನ್ನು 2020ರಲ್ಲಿ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಪರೀಕ್ಷಿಸಿದರು. ಕ್ಲಾಡೊಸ್ಪೋರಿಯಂ ಎಂಬ ಸರ್ವೇಸಾಮಾನ್ಯ ಶಿಲೀಂಧ್ರ ಅದರಲ್ಲಿ ಮನೆ ಮಾಡಿತ್ತು. ಅಲ್ಲಿಗೆ ಜಿರಳೆಯ ಹಾಸ್ಯಕ್ಕೆ ವೈಜ್ಞಾನಿಕ ತೆರೆ ಬಿತ್ತೆನ್ನಬಹುದು.

ರುಚಿಯ ವಿಷಯದಲ್ಲಿ ದೊಡ್ಡ ಬದಲಾವಣೆ ಆದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಹಣ್ಣು ತರುತ್ತಿದ್ದ ಹಡಗುಗಳು ಯುದ್ಧದ ಕೆಲಸಕ್ಕೆ ಹೋದವು, ಅಮೆರಿಕದಲ್ಲಿ ಬಾಳೆಹಣ್ಣು ಸಿಗುವುದೇ ಕಷ್ಟವಾಯಿತು. ಡ್ಯೂವರ್ ಅವರ ಬಾಳೆ ಕ್ರೀಮಿಗೆ ಬದಲಾಗಿ ವೆನಿಲ್ಲಾ ಬಂತು. ತಾತ್ಕಾಲಿಕವಾಗಿ ಬಂದ ವೆನಿಲ್ಲಾ ಜನರಿಗೆ ಹಿಡಿಸಿಬಿಟ್ಟಿತು. ಯುದ್ಧ ಮುಗಿದ ಮೇಲೂ ಬಾಳೆ ಮರಳಲಿಲ್ಲ. 2005ರಲ್ಲಿ ಕಿಂಗ್ ಕಾಂಗ್ ಚಿತ್ರದ ಪ್ರಚಾರಕ್ಕೆಂದು ಕೆಲಕಾಲ ಬಾಳೆಹಣ್ಣಿನ ಟ್ವಿಂಕೀಯನ್ನು ಬಿಡುಗಡೆ ಮಾಡಿದಾಗ ಸಿಕ್ಕ ಸ್ವಾಗತ ಕಂಡು 2007ರಲ್ಲಿ ಅದನ್ನು ಮತ್ತೆ ಮಾರುಕಟ್ಟೆಗೆ ತರಲಾಯಿತು. ಅಷ್ಟು ಹೊತ್ತಿಗೆ ಅದೇ ಮೂಲ ರುಚಿ ಎಂಬುದನ್ನು ಬಹುತೇಕರು ಮರೆತಿದ್ದರು.

1950ರ ದಶಕದಲ್ಲಿ ಹೌಡಿ ಡೂಡಿ ಎಂಬ ಮಕ್ಕಳ ಟೆಲಿವಿಷನ್ ಕಾರ್ಯಕ್ರಮದ ಜಾಹೀರಾತುಗಳ ಮೂಲಕ ಟ್ವಿಂಕೀ ಮನೆಮನೆಯ ಮಾತಾಯಿತು. ಶಾಲೆಗೆ ಹೋಗುವ ಮಕ್ಕಳ ಊಟದ ಡಬ್ಬಿಯಲ್ಲಿ ಅದಕ್ಕೊಂದು ಖಾಯಂ ಜಾಗ ದೊರೆಯಿತು.

ಆರೋಪಿ ಸ್ಥಾನದಲ್ಲಿ ಕೇಕು

ಡ್ಯೂವರ್ ಅವರ ಇಳಿವಯಸ್ಸಿನಲ್ಲಿ ಅವರ ಕೇಕಿಗೆ ಬೇರೆಯದೇ ಬಗೆಯ ಪ್ರಸಿದ್ಧಿ ಬಂತು. 1970ರ ದಶಕದಲ್ಲಿ ಆರೋಗ್ಯದ ಕಾಳಜಿ ಬೆಳೆದಂತೆ ಪೊಟ್ಟಣದ ತಿಂಡಿಗಳ ಮೇಲಿನ ಟೀಕೆಯೂ ಬೆಳೆಯಿತು. ಜಂಕ್ ಫುಡ್ ಎಂದರೆ ಮೊದಲು ಬೆರಳು ತೋರಿಸುತ್ತಿದ್ದುದು ಟ್ವಿಂಕೀಯತ್ತ.

ಅದರ ಮೇಲೆ ಬಂದದ್ದು ಒಂದು ಕೊಲೆ ಮೊಕದ್ದಮೆ. 1978ರ ನವೆಂಬರ್ 27ರಂದು ಸ್ಯಾನ್ ಫ್ರಾನ್ಸಿಸ್ಕೊ ನಗರಸಭೆಯ ಮಾಜಿ ಸದಸ್ಯ ಡಾನ್ ವೈಟ್ ಎಂಬಾತ ಮೇಯರ್ ಜಾರ್ಜ್ ಮಾಸ್ಕೋನಿ ಮತ್ತು ನಗರಸಭಾ ಸದಸ್ಯ ಹಾರ್ವೆ ಮಿಲ್ಕ್ ಅವರನ್ನು ಗುಂಡಿಕ್ಕಿ ಕೊಂದ. 1979ರ ವಿಚಾರಣೆಯಲ್ಲಿ ಪ್ರತಿವಾದಿ ಪರ ಸಾಕ್ಷಿಯಾದ ಮನೋವೈದ್ಯರೊಬ್ಬರು, ಆರೋಗ್ಯದ ಬಗ್ಗೆ ಎಚ್ಚರವಿದ್ದ ವೈಟ್ ಖಿನ್ನತೆಗೆ ಜಾರಿದಾಗ ಸಿಹಿ ತಿಂಡಿಗಳಿಗೆ ಶರಣಾಗಿದ್ದ ಎಂಬ ಅಂಶವನ್ನು ನ್ಯಾಯಾಲಯದ ಮುಂದಿಟ್ಟರು. ಅದು ಖಿನ್ನತೆಯ ಲಕ್ಷಣ ಎಂಬುದು ವಾದದ ತಿರುಳು; ಕೇಕು ತಿಂದದ್ದರಿಂದಲೇ ಕೊಲೆ ನಡೆಯಿತೆಂದಲ್ಲ. ಟ್ವಿಂಕೀಯ ಪ್ರಸ್ತಾಪ ಬಂದದ್ದೂ ತೀರಾ ಅಲ್ಪ. ಆದರೆ ತೀರ್ಪಿನಲ್ಲಿ ಕೊಲೆಯ ಆರೋಪ ಕೈಬಿಟ್ಟು ಲಘು ಅಪರಾಧಕ್ಕೆ ಏಳು ವರ್ಷ ಎಂಟು ತಿಂಗಳ ಶಿಕ್ಷೆಯಷ್ಟೇ ವಿಧಿಸಲ್ಪಟ್ಟಾಗ ನಗರ ಹೊತ್ತಿ ಉರಿಯಿತು. ಪತ್ರಿಕೆಗಳು ಆ ವಾದವನ್ನು ಟ್ವಿಂಕೀ ವಾದವೆಂದೇ ಕರೆದವು. ಕುಂಟುನೆಪದ ಸಮರ್ಥನೆಗೆ ಅಮೆರಿಕದ ಇಂಗ್ಲಿಷಿನಲ್ಲಿ ಅದು ಪರ್ಯಾಯ ಪದವಾಗಿ ನಿಂತಿತು. ಪತ್ರಕರ್ತರು ಸೃಷ್ಟಿಸಿದ ಒಂದು ಚುಟುಕು ಶೀರ್ಷಿಕೆ ಸತ್ಯವನ್ನು ಎಷ್ಟು ದೂರ ಒಯ್ಯಬಲ್ಲದು ಎಂಬುದಕ್ಕೆ ಈ ವೃತ್ತಿಯಲ್ಲಿರುವ ನಮಗೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಈ ಹೊತ್ತಿಗೆ ಎಂಬತ್ತರ ಗಡಿ ದಾಟಿದ್ದ ಡ್ಯೂವರ್ ತಮ್ಮ ಕೇಕನ್ನು ಬಿಟ್ಟುಕೊಡಲಿಲ್ಲ. 1980ರಲ್ಲಿ ಟ್ವಿಂಕೀಗೆ 50 ತುಂಬಿತು. ಸಂದರ್ಶನಕ್ಕೆ ಬಂದವರಿಗೆಲ್ಲ ಅವರು ಕೊಡುತ್ತಿದ್ದ ಸಮರ್ಥನೆ ವೈದ್ಯಶಾಸ್ತ್ರದ್ದಲ್ಲ, ಮನೆಯದು. ತಮ್ಮ ನಾಲ್ವರು ಮಕ್ಕಳಿಗೆ ಅದನ್ನೇ ತಿನ್ನಿಸಿದ್ದಾಗಿಯೂ, ಮಕ್ಕಳು ಮೊಮ್ಮಕ್ಕಳಿಗೆ ತಿನ್ನಿಸುತ್ತಿರುವುದಾಗಿಯೂ, ಒಬ್ಬ ಮಗ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಎಂಬ ವೃತ್ತಿಪರ ಫುಟ್ಬಾಲ್ ತಂಡದಲ್ಲಿ ಆಡುವಷ್ಟು ಗಟ್ಟಿಮುಟ್ಟಾಗಿ ಬೆಳೆದುದಾಗಿಯೂ ಹೇಳಿಕೊಳ್ಳುತ್ತಿದ್ದರು. ತಾವೂ ಅದನ್ನು ತಪ್ಪದೆ ತಿನ್ನುತ್ತಿದ್ದರು. ಪರಿಚಿತರು ಅವರನ್ನು ಟ್ವಿಂಕೀ ಮಹಾಶಯರೆಂದೇ ಕರೆಯುತ್ತಿದ್ದರು.

ಈ ಸಮರ್ಥನೆಯನ್ನು ಇಂದಿನ ಪಥ್ಯಶಾಸ್ತ್ರ ಒಪ್ಪಲಾರದು. ಒಂದು ಕುಟುಂಬದ ಆರೋಗ್ಯ ಪುರಾವೆಯಾಗದು. ಸಕ್ಕರೆ ಮತ್ತು ಗಟ್ಟಿಗೊಳಿಸಿದ ಕೊಬ್ಬಿನ ಬಗ್ಗೆ ಬಂದ ಎಚ್ಚರಿಕೆಗಳು ಸುಳ್ಳಲ್ಲ. ಆದರೆ ಡ್ಯೂವರ್ ಅವರ ಮಕ್ಕಳು ಬಾಲ್ಯದಲ್ಲಿ ತಿಂದ ಕೇಕು ಯಾವುದು ಎಂಬುದನ್ನೂ ನೆನೆಯಬೇಕು. ಅದು ಬೇಕರಿಯ ಒಲೆಯಿಂದ ಅಂದೋ ಹಿಂದಿನ ದಿನವೋ ಇಳಿದದ್ದು, ಹಾಲು ಮೊಟ್ಟೆಯದ್ದು. 1979ರಲ್ಲಿ ಜನ ಹಳಿದ ಕೇಕು ಮತ್ತೊಂದು. ಹೆಸರು ಮತ್ತು ಆಕಾರ ಮಾತ್ರ ಒಂದೇ ಆಗಿತ್ತು. ತಮ್ಮ ಕೇಕನ್ನು ಸಮರ್ಥಿಸುತ್ತಿದ್ದ ವೃದ್ಧರು ಮತ್ತು ಅದನ್ನು ಟೀಕಿಸುತ್ತಿದ್ದ ಜನ ಎರಡು ಬೇರೆ ವಸ್ತುಗಳ ಬಗ್ಗೆ ಮಾತನಾಡುತ್ತಿದ್ದರೆಂಬುದು ಈ ವರದಿಗಾರನ ಅನಿಸಿಕೆ.

1985ರ ಜೂನ್ 30ರಂದು ಷಿಕಾಗೊ ಸಮೀಪದ ಡೌನರ್ಸ್ ಗ್ರೋವ್‌ನಲ್ಲಿ ಡ್ಯೂವರ್ ನಿಧನರಾದರು. ಅವರಿಗೆ ಆಗ 88 ವರ್ಷ.

ಬೀಗ ಬಿದ್ದ ಬೇಕರಿಗಳು

ಅವರು ಹೋದ ಮೇಲೆ ಕಂಪನಿ ಕೈಯಿಂದ ಕೈಗೆ ದಾಟುತ್ತ ಹೋಯಿತು. 1984ರಲ್ಲಿ ರಾಲ್ಸ್ಟನ್ ಪ್ಯೂರಿನಾ ಪಾಲಾಗಿದ್ದ ಕಾಂಟಿನೆಂಟಲ್ ಬೇಕಿಂಗ್ 1995ರಲ್ಲಿ ಇಂಟರ್‌ಸ್ಟೇಟ್ ಬೇಕರೀಸ್ ಸೇರಿತು. ಆ ಸಂಸ್ಥೆ 2004ರಲ್ಲಿ ದಿವಾಳಿಯ ಅರ್ಜಿ ಹಾಕಿ, 2009ರಲ್ಲಿ ಹೊರಬಂದು ಹೋಸ್ಟೆಸ್ ಬ್ರ್ಯಾಂಡ್ಸ್ ಎಂಬ ಹೆಸರು ತಳೆದು, 2012ರ ಜನವರಿಯಲ್ಲಿ ಪುನಃ ದಿವಾಳಿಯೆದ್ದಿತು. ಸಂಬಳ ಮತ್ತು ಪಿಂಚಣಿಯ ಕಡಿತವನ್ನು ಒಪ್ಪದ ಬೇಕರಿ ಕಾರ್ಮಿಕರ ಸಂಘವು ಅದೇ ನವೆಂಬರಿನಲ್ಲಿ ಮುಷ್ಕರ ಹೂಡಿತು. ಮುಷ್ಕರದಿಂದ ಕಂಪನಿ ಮುಳುಗಿತು ಎಂದು ಆಡಳಿತ ಮಂಡಳಿ ಹೇಳಿತು. ಕಾರ್ಮಿಕರಿಗೆ ಕಡಿತ ಹೇಳುತ್ತಲೇ ಮೇಲಧಿಕಾರಿಗಳ ಸಂಬಳ ಏರಿಸಿದವರು ಯಾರು ಎಂದು ಸಂಘ ಕೇಳಿತು. ಸುಮಾರು 18,500 ಮಂದಿಯ ಕೆಲಸಕ್ಕೆ ಕುತ್ತು ಬಂತು.

ಟ್ವಿಂಕೀಗಾಗಿ ಕಣ್ಣೀರಿಟ್ಟ ದೂರದರ್ಶನ ವಾಹಿನಿಗಳು ಈ 18,500 ಮಂದಿಗೆ ಕೊಟ್ಟ ಸಮಯ ಅದಕ್ಕೆ ತಕ್ಕಷ್ಟಿತ್ತೇ ಎಂಬುದು ಬೇರೆ ಪ್ರಶ್ನೆ. ಒಂದು ಖಾಸಗಿ ಹೂಡಿಕೆ ಸಂಸ್ಥೆ ಹಾಗೂ ಒಬ್ಬ ಉದ್ಯಮಿ ಸೇರಿ 41 ಕೋಟಿ ಡಾಲರಿಗೆ ಹೋಸ್ಟೆಸ್ ಕೇಕುಗಳ ವ್ಯಾಪಾರವನ್ನು ಕೊಂಡರು. 2013ರ ಜುಲೈ 15ರಂದು ಟ್ವಿಂಕೀ ಅಂಗಡಿಗೆ ಮರಳಿತು. ಕೇಕು ಮರಳಿದರೂ ಹಳೆಯ ಕೆಲಸಗಾರರೆಲ್ಲ ಮರಳಲಿಲ್ಲ. ಡ್ಯೂವರ್ ದುಡಿದ ಷಿಕಾಗೊ ಪ್ರದೇಶದಲ್ಲಿ ಮರುಜೀವ ಪಡೆದಿದ್ದ ಷಿಲ್ಲರ್ ಪಾರ್ಕ್ ಬೇಕರಿ 2014ರಲ್ಲಿ ಮುಚ್ಚಿತು. 2023ರಲ್ಲಿ ಜೆ.ಎಂ. ಸ್ಮಕರ್ ಕಂಪನಿಯು ಹೋಸ್ಟೆಸ್ ಬ್ರ್ಯಾಂಡ್ಸ್ ಅನ್ನು ಸುಮಾರು 560 ಕೋಟಿ ಡಾಲರಿಗೆ ಖರೀದಿಸಿತು. ಎರಡಕ್ಕೆ ಐದು ಸೆಂಟಿನ ಕೇಕು ಇಷ್ಟು ದೂರ ಬಂದಿತ್ತು.

ಮನೆಯಲ್ಲಿ ಮಾಡುವವರಿಗೆ

2012ರ ಆ ದಿನಗಳಲ್ಲಿ ಟ್ವಿಂಕೀ ಸಿಗದ ಅಮೆರಿಕನ್ನರು ಅದನ್ನು ಮನೆಯಲ್ಲೇ ಮಾಡಲು ತೊಡಗಿದರು. ಹೀಗೆ ಮಾಡಿದ ಕೇಕು ಕಾರ್ಖಾನೆಯದಕ್ಕಿಂತ ಡ್ಯೂವರ್ ಅವರ ಮೂಲ ಕೇಕಿಗೆ ಹೆಚ್ಚು ಹತ್ತಿರ. ಓವನ್ ಇರುವ ಮನೆಗಳಲ್ಲಿ ಇದೇನೂ ಕಷ್ಟದ ಕೆಲಸವಲ್ಲ.

ಮೊದಲ ತೊಡಕು ಅಚ್ಚಿನದು. ಸುಮಾರು 30 ಸೆಂ.ಮೀ. ಉದ್ದದ ಅಲ್ಯೂಮಿನಿಯಂ ಹಾಳೆಯನ್ನು ಎರಡು ಮಡಿಕೆ ಮಾಡಿ, ಮಸಾಲೆಪುಡಿಯ ಸಣ್ಣ ಶೀಷೆಯ ಕೆಳಗಿಟ್ಟು ಅರ್ಧದವರೆಗೆ ಒತ್ತಿ ತೆಗೆದರೆ ದೋಣಿಯಾಕಾರದ ಅಚ್ಚು ಸಿದ್ಧ. ಹತ್ತು ಹನ್ನೆರಡು ದೋಣಿಗಳನ್ನು ಒತ್ತೊತ್ತಾಗಿ ತಟ್ಟೆಯಲ್ಲಿ ಜೋಡಿಸಿ ಒಳಗೆ ಎಣ್ಣೆ ಸವರಬೇಕು. 120 ಗ್ರಾಂ ಮೈದಾಕ್ಕೆ ಒಂದೂವರೆ ಟೀ ಚಮಚ ಬೇಕಿಂಗ್ ಪೌಡರ್ ಮತ್ತು ಚಿಟಿಕೆ ಉಪ್ಪು ಸೇರಿಸಿ ಜರಡಿ ಹಿಡಿಯಬೇಕು. ನಾಲ್ಕು ಮೊಟ್ಟೆಗಳ ಬಿಳಿ ಮತ್ತು ಹಳದಿಯನ್ನು ಬೇರ್ಪಡಿಸಿಕೊಂಡು, ಹಳದಿಗೆ 60 ಗ್ರಾಂ ಸಕ್ಕರೆ, 60 ಮಿ.ಲೀ. ಎಣ್ಣೆ, 80 ಮಿ.ಲೀ. ಹಾಲು, ಸ್ವಲ್ಪ ವೆನಿಲ್ಲಾ ಬೆರೆಸಿ ಮೈದಾ ಕಲೆಸಬೇಕು. ಬಿಳಿಯನ್ನು ಮತ್ತೆ 60 ಗ್ರಾಂ ಸಕ್ಕರೆಯೊಂದಿಗೆ ನೊರೆ ಗಟ್ಟಿಯಾಗಿ ನಿಲ್ಲುವವರೆಗೆ ಕಡೆದು, ಮೂರು ಬಾರಿ ಸ್ವಲ್ಪಸ್ವಲ್ಪವೇ ಹಿಟ್ಟಿಗೆ ಮೆಲ್ಲನೆ ಮಡಚಿ ಸೇರಿಸಬೇಕು. ಇಲ್ಲಿ ಅವಸರಿಸಿದರೆ ಗಾಳಿ ಹೋಗಿ ಕೇಕು ರೊಟ್ಟಿಯಂತಾದೀತು. ಅಚ್ಚಿನ ಮುಕ್ಕಾಲು ಭಾಗ ತುಂಬಿ 170 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 15 ನಿಮಿಷ ಬೇಯಿಸಿದರೆ ಸಾಕು.

ಕ್ರೀಮಿಗೆ ಮೂರು ಊಟದ ಚಮಚ ಮೈದಾವನ್ನು 150 ಮಿ.ಲೀ. ಹಾಲಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಗಟ್ಟಿ ಗಂಜಿಯಾಗುವವರೆಗೆ ಕಾಯಿಸಿ ಪೂರ್ತಿ ಆರಿಸಬೇಕು. ಮೂಲ ರುಚಿ ಬೇಕೆನ್ನುವವರು ಚೆನ್ನಾಗಿ ಕಳಿತ ಅರ್ಧ ಬಾಳೆಹಣ್ಣನ್ನು ನುಣ್ಣಗೆ ಕಿವುಚಿ ಈ ಗಂಜಿಯೊಡನೆಯೇ ಕಾಯಿಸಬಹುದು. 115 ಗ್ರಾಂ ಮೆತ್ತನೆಯ ಬೆಣ್ಣೆಯನ್ನು 100 ಗ್ರಾಂ ಪುಡಿ ಸಕ್ಕರೆಯೊಂದಿಗೆ ಬೆಳ್ಳಗಾಗುವವರೆಗೆ ಕಡೆದು, ಆರಿದ ಗಂಜಿಯನ್ನು ಚಮಚ ಚಮಚವಾಗಿ ಸೇರಿಸುತ್ತ ಕಡೆಯುವುದನ್ನು ಮುಂದುವರಿಸಬೇಕು. ಗಂಜಿ ಬಿಸಿಯಿದ್ದರೆ ಬೆಣ್ಣೆ ಕರಗಿ ಎಲ್ಲವೂ ನೀರಾಗುತ್ತದೆ.

ಕೇಕು ತಣ್ಣಗಾದ ಮೇಲೆ ಕಂದು ಬಣ್ಣ ಬಂದಿರುವ ಮೇಲ್ಭಾಗದಲ್ಲಿ ಕಡ್ಡಿಯಿಂದ ಮೂರು ತೂತು ಕೊರೆದು, ಕಡ್ಡಿಯನ್ನು ಒಳಗೇ ಆಚೀಚೆ ಆಡಿಸಿ ಜಾಗ ಮಾಡಬೇಕು. ದಪ್ಪನೆಯ ಪ್ಲಾಸ್ಟಿಕ್ ಚೀಲವೊಂದರ ತುದಿ ಕತ್ತರಿಸಿ, ಅದರಿಂದ ಪ್ರತಿ ತೂತಿಗೂ ಕ್ರೀಮ್ ಒತ್ತಬೇಕು. ಕೇಕು ತುಸು ಉಬ್ಬಿದ್ದು ಕಂಡೊಡನೆ ನಿಲ್ಲಿಸುವುದು ಲೇಸು. ಡ್ಯೂವರ್ ಅವರ ಬೇಕರಿಯ ಪೆಡಲಿನ ಪಾಠ ಇಲ್ಲಿಯೂ ಅನ್ವಯಿಸುತ್ತದೆ. ನಂತರ ತೂತುಗಳು ಕೆಳಗಾಗುವಂತೆ ಕೇಕನ್ನು ಮಗುಚಿಡಬೇಕು. ಅಂಗಡಿಯ ಟ್ವಿಂಕೀಯ ತಳದಲ್ಲಿಯೂ ಇದೇ ಮೂರು ಗುರುತುಗಳಿರುತ್ತವೆ. ಇದನ್ನು ಫ್ರಿಜ್ಜಿನಲ್ಲಿಟ್ಟು ಎರಡು ದಿನದೊಳಗೆ ಮುಗಿಸುವುದು ಒಳ್ಳೆಯದು.